ಬಸುರಿಯೆಂದು ಬಿಟ್ಟುಬಿಟ್ಟರೆ

— ದೊಡ್ಡಮ್ಮ, ಈ ಚೀಟಿ ಒಮ್ಮೆ ನೋಡಿ. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಅದೆಲ್ಲ ಇರಲಿ. ಅದರ ಕೆಳಗೆ ಎಚ್‌ಐವಿ ಅಂತ ಉಂಟು, ವಿಡಿಆರ್‌ಎಲ್ ಅಂತ ಉಂಟು. ಎಂತದೆಂದು ಫೋನಿನಲ್ಲಿ ಹುಡುಕಿದರೆ ಪರಂಗಿ ಹುಣ್ಣಿನ ಪರೀಕ್ಷೆಯಂತೆ! ನಾಲ್ಕು ತಿಂಗಳ ಬಸುರಿಗೆ ಇದೆಲ್ಲ ಯಾಕೆ? ಅತ್ತೆಯ ಕಣ್ಣಿಗೆ ಬಿದ್ದರೆ ಏನು ತಿಳಿದುಕೊಂಡಾರು ಅಂತ ಪರ್ಸಿನೊಳಗೆ ಇಟ್ಟುಕೊಂಡು ಓಡಾಡ್ತಿದ್ದೇನೆ.

— ನಿನ್ನ ಅತ್ತೆಗೂ ಅವರ ಬಸುರಿನಲ್ಲಿ ವಿಡಿಆರ್‌ಎಲ್ ಮಾಡಿರಬಹುದು, ಹೇಳಿರಲಿಕ್ಕಿಲ್ಲ ಅಷ್ಟೆ. ಈ ಮುಂಬಯಿಯಲ್ಲಿ ಬಂಗಲೆಗಳ ಮಲಬಾರ್ ಹಿಲ್‌ನವಳು ಹೆರಿಗೆಗೆ ಹೆಸರು ಬರೆಸಿದರೂ ಇದೇ ಪರೀಕ್ಷೆ, ಜೋಪಡಿಗಳ ಮಾನ್‌ಖುರ್ದ್‌ನವಳು ಬರೆಸಿದರೂ ಇದೇ ಪರೀಕ್ಷೆ. ಸಂಶಯ ಬಂದವರಿಗೆ ಮಾತ್ರ ಮಾಡುವುದಾದರೆ ಯಾರ ಮೇಲೆ ಸಂಶಯ ಪಡುವುದು, ಹೇಳು? ಮುಖ ನೋಡಿಯಾ, ಮನೆತನ ನೋಡಿಯಾ? ಪರಂಗಿ ಹುಣ್ಣಿನ ಕ್ರಿಮಿ ಹೆಂಗಸಿನ ರಕ್ತದಲ್ಲಿ ವರ್ಷಗಟ್ಟಲೆ ಇದ್ದರೂ ಮೈಮೇಲೆ ಒಂದು ಗುರುತೂ ಕಾಣದಿರಬಹುದು. ಅವಳಿಗೆ ಜ್ವರ ಇಲ್ಲ, ನೋವಿಲ್ಲ. ಆದರೆ ಕ್ರಿಮಿ ಮಾಸು ದಾಟಿ ಮಗುವನ್ನು ಹಿಡೀತದೆ. ಗರ್ಭ ಇಳಿದು ಹೋಗುವುದು, ಹೊಟ್ಟೆಯಲ್ಲೇ ಮಗು ತೀರಿಹೋಗುವುದು, ಹುಟ್ಟಿದ ಮಗುವಿನ ಎಲುಬು, ಯಕೃತ್ತು, ಕಣ್ಣು ಕೆಡುವುದು, ಇಷ್ಟೂ ಆಗಬಹುದು.

— ಮದ್ದು ಉಂಟಲ್ಲ?

— ಅದೇ ನನಗೆ ಹೊಟ್ಟೆ ಉರಿಯುವ ವಿಷಯ. ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯುನಿಟ್. ಹಳೆಯ ಮದ್ದು, ಅಗ್ಗದ ಮದ್ದು. ಪುಡಿಗೆ ನೀರು ಹಾಕಿ ಕಲಸಿದರೆ ಬಿಳಿ ಮಜ್ಜಿಗೆಯ ಹಾಗೆ ದಪ್ಪ ಆಗ್ತದೆ. ದಪ್ಪ ಸೂಜಿಯೇ ಬೇಕು, ಕೈ ನಿಧಾನ ಮಾಡಿದರೆ ಸೂಜಿಯ ಬಾಯಿ ಕಟ್ಟಿಹೋಗ್ತದೆ. ನಾವು ನರ್ಸುಗಳು ಸೊಂಟದ ಎರಡೂ ಬದಿಗೆ ಅರ್ಧರ್ಧ ಕೊಡ್ತೇವೆ. ಎರಡು ದಿನ ಕೂರಲಿಕ್ಕೆ ಕಷ್ಟ. ರೋಗ ಹೊಸದಾದರೆ ಒಂದೇ ಸಲ, ಹಳೆಯದಾದರೆ ವಾರಕ್ಕೊಂದರಂತೆ ಮೂರು. ಗಂಡನಿಗೂ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಅವಳಿಗೆ ಮತ್ತೆ ತಗುಲ್ತದೆ. ಇಷ್ಟರಲ್ಲಿ ಒಂದು ಮಗು ಉಳೀತದೆ. ಇಷ್ಟನ್ನೂ ಮಾಡದೆ ಏಳನೇ ತಿಂಗಳಲ್ಲಿ ಉಸಿರಿಲ್ಲದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದೆಯ ಕೈಗೆ ಕೊಡುವಾಗ ಅವನ ಮುಖ ನೋಡ್ಲಿಕ್ಕೆ ಆಗುವುದಿಲ್ಲ ಮಗಳೇ.

— ಎಚ್‌ಐವಿಗೂ ಹಾಗೆಯೇ ಮದ್ದು ಉಂಟಾ?

— ಗುಣ ಮಾಡುವ ಮದ್ದಿಲ್ಲ, ಮಗುವಿಗೆ ದಾಟದ ಹಾಗೆ ತಡೆಯುವ ಮದ್ದು ಉಂಟು. ಏನೂ ಮಾಡದೆ ಬಿಟ್ಟರೆ ಬಸುರು, ಹೆರಿಗೆ, ಎದೆಹಾಲು ಎಲ್ಲ ಸೇರಿ 100 ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಅಂಟಬಹುದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕಾರ್ಯಕ್ರಮ ಶುರುವಾದದ್ದು 2002ರ ಸುಮಾರಿಗೆ. ಆಗ ಇದ್ದದ್ದು ನೆವಿರಾಪಿನ್ ಒಂದೇ. ನೋವು ಶುರುವಾದ ಕೂಡಲೇ ತಾಯಿಗೆ ಒಂದು ಗುಳಿಗೆ, ಹುಟ್ಟಿದ ಮೂರು ದಿನದೊಳಗೆ ಮಗುವಿನ ಬಾಯಿಗೆ ಒಂದಿಷ್ಟು ಹನಿ. ಊರಿಗೆ ಹೆರಿಗೆಗೆ ಹೋಗುವವರಿಗೆ ಆ ಗುಳಿಗೆಯನ್ನು ಮೊದಲೇ ಕೈಗೆ ಕೊಡ್ತಿದ್ದೆವು. ಒಬ್ಬಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದದ್ದು ನೋಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದರೆ ರಕ್ತ ಹೆಚ್ಚಾಗಲಿಕ್ಕೆ ಕೊಟ್ಟದ್ದು ಅಂತ ಹೇಳ್ತೇನೆ ಸಿಸ್ಟರ್ ಅಂದಳು. ಆ ಒಂದು ಗುಳಿಗೆಯಿಂದ ಅಪಾಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತಿತ್ತು. 2014ರಿಂದ ಮೂರು ಔಷಧಿ ಸೇರಿದ ಚಿಕಿತ್ಸೆಯನ್ನು ಸೋಂಕಿರುವ ಪ್ರತಿ ಬಸುರಿಗೂ ಶುರು ಮಾಡಿ ಜೀವನಪೂರ್ತಿ ಕೊಡ್ತಾರೆ. ಬೇಗ ಶುರು ಮಾಡಿ ಸರಿಯಾಗಿ ತೆಗೆದುಕೊಂಡರೆ 100ಕ್ಕೆ 2ಕ್ಕಿಂತ ಕೆಳಗೂ ಇಳಿಸಬಹುದು. ಆದರೆ ಗೊತ್ತಾದರೆ ತಾನೇ ಶುರು ಮಾಡುವುದು? ಗೊತ್ತಾಗಲಿಕ್ಕೆ ಈ ಚೀಟಿಯೇ ದಾರಿ. ಪರ್ಸಿನಿಂದ ತೆಗೆ ಅದನ್ನು.

— ಆಯ್ತು, ನಾಳೆ ರಕ್ತ ಕೊಟ್ಟು ಬರ್ತೇನೆ. ಕೊನೆಯಲ್ಲಿ ಎಚ್‌ಬಿಎಸ್‌ಎಜಿ ಅಂತಲೂ ಉಂಟು.

— ಹೆಪಟೈಟಿಸ್ ಬಿ. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರಲ್ಲಿ ತಾನಾಗಿ ಹೋಗ್ತದೆ. ಹುಟ್ಟುವಾಗ ತಾಯಿಯಿಂದ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳೀತದೆ, ಅವರಲ್ಲಿ ಕೆಲವರಿಗೆ ನಲವತ್ತು ಐವತ್ತು ವರ್ಷಕ್ಕೆ ಯಕೃತ್ತನ್ನು ತಿಂದುಹಾಕ್ತದೆ. ತಾಯಿಗೆ ಇದ್ದರೂ ಇಲ್ಲದಿದ್ದರೂ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಒಂದು ಲಸಿಕೆ ಹಾಕಬೇಕು. ತಾಯಿಗೆ ಇದ್ದರೆ ಅದರ ಜೊತೆ ಇಮ್ಯುನೊಗ್ಲಾಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್. ನಿನ್ನ ಹೆರಿಗೆ ಆದಿತ್ಯವಾರ ಆದರೂ ದೀಪಾವಳಿ ದಿವಸ ಆದರೂ ಆ 24 ಗಂಟೆ ಕಾಯುವುದಿಲ್ಲ. ಲಸಿಕೆ ಆಯ್ತಾ ಅಂತ ಗಂಡನ ಹತ್ತಿರ ಕೇಳಿಸು.

— ಪರೀಕ್ಷೆ ಒಪ್ಪಿದೆ ದೊಡ್ಡಮ್ಮ. ಆದರೆ ಅತ್ತೆ ಹೇಳುವುದರಲ್ಲೂ ಅರ್ಥ ಉಂಟು ಅನಿಸ್ತದೆ. ಬಸುರಿಗೆ ಮದ್ದು ಕೊಡಬಾರದು, ಇಂಜೆಕ್ಷನ್ ಚುಚ್ಚಬಾರದು, ಹೊಟ್ಟೆಯಲ್ಲಿರುವುದು ಎಳೆಯ ಜೀವ ಅಂತಾರೆ. ಡಾಕ್ಟರು ಫ್ಲೂ ಲಸಿಕೆಯನ್ನೂ ಬರೆದಿದ್ದಾರೆ. ಅದು ಬೇಡ ಅಂತ ಮನೆಯಲ್ಲಿ ಎಲ್ಲರದೂ ಒಂದೇ ಮಾತು.

— ಟಿಟಿ ಹಾಕಿಸಿಕೊಂಡೆಯಲ್ಲ, ಅದಕ್ಕೆ ಯಾರಾದರೂ ಬೇಡ ಅಂದರಾ?

— ಅದು ಎಲ್ಲರೂ ಹಾಕಿಸಿಕೊಳ್ಳುವುದೇ ಅಲ್ವಾ?

— ಅದೂ ಬಸುರಿಗೆ ಚುಚ್ಚುವ ಲಸಿಕೆಯೇ. ಈಗ ಟಿಡಿ ಅಂತಾರೆ, ಧನುರ್ವಾಯುವಿನ ಜೊತೆ ಡಿಫ್ತೀರಿಯಾಕ್ಕೂ ಸೇರಿಸಿದ್ದಾರೆ. ಹಿಂದೆ ಹೊಕ್ಕುಳಬಳ್ಳಿಯನ್ನು ಸಿಕ್ಕಿದ ಕತ್ತಿಯಲ್ಲಿ ಕೊಯ್ದು ಅದಕ್ಕೆ ಬೂದಿಯೋ ಸೆಗಣಿಯೋ ಮೆತ್ತುತ್ತಿದ್ದರು. ಒಂದು ವಾರಕ್ಕೆ ಮಗು ಹಾಲು ಎಳೆಯಲಾಗದೆ ದವಡೆ ಕಚ್ಚಿ ಬಿಲ್ಲಿನ ಹಾಗೆ ಬಾಗಿ ಸಾಯ್ತಿತ್ತು. ತಾಯಿಗೆ ಲಸಿಕೆ ಹಾಕಿದರೆ ಅವಳ ರಕ್ತದ ಬಲ ಮಗುವಿಗೂ ಹೋಗ್ತದೆ. ಲಸಿಕೆ, ಆಸ್ಪತ್ರೆಯ ಹೆರಿಗೆ, ಸ್ವಚ್ಛ ಬ್ಲೇಡು, ಇಷ್ಟರಿಂದ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲ ಆಯ್ತು ಅಂತ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಫ್ಲೂ ಲಸಿಕೆಯದೂ ಅದೇ ಲೆಕ್ಕ. ಆರು ತಿಂಗಳ ಒಳಗಿನ ಮಗುವಿಗೆ ಫ್ಲೂ ಲಸಿಕೆ ಹಾಕ್ಲಿಕ್ಕೇ ಇಲ್ಲ. ತಾಯಿ ಹಾಕಿಸಿಕೊಂಡರೆ ಮಾತ್ರ ಅದಕ್ಕೆ ಕಾಪು.

— ಆದರೂ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲವಲ್ಲ. ಥಾಲಿಡೊಮೈಡ್ ಬಗ್ಗೆ ಕಾಲೇಜಿನಲ್ಲಿ ಓದಿದ್ದೆ. ಬಸುರಿಯರ ವಾಂತಿಗೆ ಅಂತ ಕೊಟ್ಟ ಗುಳಿಗೆ, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು. ಅದನ್ನು ನೋಡಿದ ಮೇಲೆ ಎಚ್ಚರ ಬೇಡ್ವಾ?

— ಬೇಕು. ಆ ಪ್ರಶ್ನೆ ಕೇಳಿದ್ದು ಒಳ್ಳೆಯದಾಯ್ತು. ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂತು, 1961ರ ಕೊನೆಗೆ ಹಿಂದಕ್ಕೆ ತೆಗೆದುಕೊಂಡರು, ಅಷ್ಟರಲ್ಲಿ ಲೋಕದಲ್ಲಿ 10,000ಕ್ಕೂ ಹೆಚ್ಚು ಮಕ್ಕಳಿಗೆ ಹಾಗಾಗಿತ್ತು. ಆದರೆ ಆ ಗುಳಿಗೆ ಬಸುರಿಗೆ ಸರಿಯೋ ತಪ್ಪೋ ಅಂತ ಯಾರೂ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ. ಪರೀಕ್ಷಿಸದೆ ಮಾರಿದ್ದು ಅನ್ಯಾಯ. ಅದರಿಂದ ಕಲಿಯಬೇಕಾದದ್ದು ಬಸುರಿಯರಿಗೆ ಯಾವುದು ಸರಿ ಅಂತ ಮೊದಲೇ ಜಾಗ್ರತೆಯಿಂದ ನೋಡಬೇಕು ಅಂತ. ಲೋಕ ಮಾಡಿದ್ದು ಬೇರೆ. 1977ರಲ್ಲಿ ಅಮೆರಿಕದ ಔಷಧ ಇಲಾಖೆ ಹೆರುವ ವಯಸ್ಸಿನ ಹೆಂಗಸರನ್ನೇ ಹೊಸ ಔಷಧಿಯ ಮೊದಲ ಹಂತದ ಪರೀಕ್ಷೆಗಳಿಂದ ದೂರ ಇಡಿ ಅಂತ ಸೂಚನೆ ಕೊಟ್ಟಿತು. ಆಮೇಲೆ ಆ ಸೂಚನೆ ಹೋದರೂ ರೂಢಿ ಉಳಿಯಿತು. ಬಸುರಿಯನ್ನು ಪರೀಕ್ಷೆಗೆ ಸೇರಿಸುವುದಿಲ್ಲ, ಸೇರಿಸದ ಕಾರಣ ಮಾಹಿತಿ ಇಲ್ಲ, ಮಾಹಿತಿ ಇಲ್ಲದ ಕಾರಣ ಮದ್ದು ಕೊಡುವುದಿಲ್ಲ. ರೋಗಕ್ಕೆ ಮಾತ್ರ ಈ ನಿಯಮ ಗೊತ್ತಿಲ್ಲ. ಇದರ ಬೆಲೆ ಎಷ್ಟು ಅಂತ ಈ ಊರಿನಲ್ಲಿ ನಾವು 2021ರಲ್ಲಿ ಕಣ್ಣಾರೆ ಕಂಡೆವು.

— ಕೋವಿಡ್‌ನಲ್ಲಾ?

— ಹೂಂ. ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ಆಸ್ಪತ್ರೆ ಗೊತ್ತಲ್ಲ. 2020ರ ಎಪ್ರಿಲ್‌ನಲ್ಲಿ ಅದನ್ನು ಇಡೀ ಕೋವಿಡ್ ಆಸ್ಪತ್ರೆ ಮಾಡಿದರು. ಹೆರಿಗೆ ಹತ್ತಿರ ಬಂದವರಿಗೆ ಕೆಮ್ಮು ಜ್ವರ ಇಲ್ಲದಿದ್ದರೂ ಪರೀಕ್ಷೆ ಮಾಡಬೇಕು ಅಂತ ಸೋಂಕು ಹೆಚ್ಚಿದ್ದ ಊರುಗಳಿಗೆ ದೇಶದ ವೈದ್ಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸೂಚನೆ ಇತ್ತು. ಪಾಸಿಟಿವ್ ಅಂತ ಚೀಟಿ ಬಂದ ಬಸುರಿಯನ್ನು ಎಷ್ಟೋ ಖಾಸಗಿ ನರ್ಸಿಂಗ್ ಹೋಮುಗಳು ಒಳಗೆ ಬಿಡ್ತಿರಲಿಲ್ಲ. ನೋವು ತಿನ್ನುತ್ತಾ ಆಂಬುಲೆನ್ಸಿನಲ್ಲಿ ಊರೆಲ್ಲ ಸುತ್ತಿದವರಿದ್ದಾರೆ. ಅಂಥವರು ಕೊನೆಗೆ ಬರುತ್ತಿದ್ದದ್ದು ನಾಯರ್‌ಗೆ. ಒಂದು ವರ್ಷದ ಸುಮಾರಿಗೆ ಸಾವಿರಕ್ಕೂ ಹೆಚ್ಚು ಕೋವಿಡ್ ತಾಯಂದಿರ ಹೆರಿಗೆ ಅಲ್ಲಿ ಆಯ್ತು. ಪಿಪಿಇ ಕಿಟ್ ಒಳಗೆ ಎಪ್ರಿಲ್‌ನ ಸೆಕೆ ಹೇಗಿರ್ತದೆ ನಿನಗೆ ಗೊತ್ತಿಲ್ಲ. ಕನ್ನಡಕ ಮಂಜಾಗಿ ಹೊಲಿಗೆ ಹಾಕುವ ಜಾಗ ಕಾಣುವುದಿಲ್ಲ, ಕೈಗವಸಿನೊಳಗೆ ಬೆವರು ತುಂಬಿ ಬೆರಳ ತುದಿಗೆ ಮಗುವಿನ ತಲೆ ಸರಿಯಾಗಿ ತಾಗುವುದಿಲ್ಲ. ಅದರಲ್ಲಿ ನಿಂತು ಹೆರಿಗೆ ಮಾಡಿಸಿದವರನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನಿಸ್ತದೆ.

— ಮೊದಲ ಅಲೆಯಲ್ಲಿ ಬಸುರಿಯರಿಗೆ ಅಷ್ಟೇನೂ ಆಗ್ಲಿಲ್ಲ ಅಂತ ಕೇಳಿದ್ದೆ.

— ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ, ಪರೀಕ್ಷೆಯಲ್ಲಿ ಸಿಕ್ಕಿದ್ದು. ಪರೇಲಿನಲ್ಲಿ ಸಂತಾನ ಆರೋಗ್ಯದ ಸಂಶೋಧನೆಗೆ ಐಸಿಎಂಆರ್‌ನ ಸಂಸ್ಥೆ ಉಂಟು. ಅವರು ಆಸ್ಪತ್ರೆಗಳ ಜೊತೆ ಸೇರಿ ಪ್ರೆಗ್‌ಕೋವಿಡ್ ಅಂತ ದಾಖಲೆ ಇಟ್ಟರು. ಬಸುರಿಯರ ಮಾಹಿತಿ ಇಲ್ಲ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದಾಗ ಅವರು ಕೂಡಿಸಿ ಇಟ್ಟರು, ಅದು ದೊಡ್ಡ ಕೆಲಸ. ಮೊದಲ ಅಲೆಯ 1,143 ಮಂದಿಯನ್ನೂ ಎರಡನೇ ಅಲೆಯ 387 ಮಂದಿಯನ್ನೂ ಹೋಲಿಸಿ ನೋಡಿದರು. ಮೊದಲ ಅಲೆಯಲ್ಲಿ ಲಕ್ಷಣ ಇದ್ದವರು ಶೇ. 14.2, ಎರಡನೆಯದರಲ್ಲಿ ಶೇ. 28.7. ತೀರಿಹೋದವರು ಮೊದಲನೆಯದರಲ್ಲಿ ಶೇ. 0.7, ಎರಡನೆಯದರಲ್ಲಿ ಶೇ. 5.7. ಬಸುರಿಗೆ ಆಮ್ಲಜನಕ ಹೆಚ್ಚು ಬೇಕು, ಗರ್ಭ ಬೆಳೆದು ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶಕ್ಕೆ ಜಾಗ ಕಡಿಮೆ ಮಾಡಿರ್ತದೆ. ಅಲ್ಲಿಗೆ ನ್ಯುಮೋನಿಯಾ ಬಂದರೆ ಉಳಿಸುವುದು ಕಷ್ಟ.

— ಅಷ್ಟು ಹೊತ್ತಿಗೆ ಲಸಿಕೆ ಬಂದಿತ್ತಲ್ಲ?

— ಬಂದಿತ್ತು. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಬಸುರಿಯರಿಗೆ ಕೊಡಬೇಡಿ, ಅವರ ಮೇಲೆ ಪರೀಕ್ಷೆ ಆಗಿಲ್ಲ ಅಂತ ಆದೇಶ. ಲೇಬರ್ ವಾರ್ಡಿನಲ್ಲಿ ದಿನಾ ರೋಗಿಗಳ ನಡುವೆ ನಿಲ್ಲುವ ನರ್ಸ್ ಬಸುರಿಯಾಗಿದ್ದರೆ ಅವಳಿಗೂ ಇಲ್ಲ. ಫೆಬ್ರವರಿ, ಮಾರ್ಚ್, ಎಪ್ರಿಲ್, ಮೇ, ಎರಡನೇ ಅಲೆ ಪೂರ್ತಿ ಹಾದುಹೋಯಿತು. ಹೆರಿಗೆ ಡಾಕ್ಟರುಗಳ ಸಂಘ ಫಾಗ್ಸಿ, ಸರ್ಕಾರ ಒಪ್ಪುವ ಮೊದಲೇ, ಕೊಡುವುದೇ ಒಳ್ಳೆಯದು ಅಂತ ಹೇಳಿತ್ತು. ಅಪ್ಪಣೆ ಬಂದದ್ದು ಜುಲೈ 2ಕ್ಕೆ. ಆಮೇಲೆ ಲೋಕದಾದ್ಯಂತ ಲಕ್ಷಗಟ್ಟಲೆ ಬಸುರಿಯರು ಹಾಕಿಸಿಕೊಂಡರು, ಮಗುವಿಗೆ ಕೇಡಾಗಲಿಲ್ಲ, ತಾಯಿಯ ರಕ್ಷಣೆ ಮಗುವಿಗೂ ದಾಟ್ತದೆ ಅಂತ ಗೊತ್ತಾಯ್ತು. ನಡುವಿನ ಐದೂವರೆ ತಿಂಗಳಲ್ಲಿ ಹೋದವರು ಹೋದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಅವಳನ್ನು ಕಾಪಾಡ್ತೇವೆ ಅಂತಲೇ ಬಿಟ್ಟದ್ದು. ನನಗೆ ಅದೇ ಸಂಕಟ.

— ಹಾಗಾದರೆ ಬಸುರಿಗೆ ಎಲ್ಲ ಲಸಿಕೆಯೂ ಎಲ್ಲ ಮದ್ದೂ ಆಗ್ತದಾ?

— ಇಲ್ಲ ಮಾರಾಯ್ತಿ, ನಾನು ಹಾಗೆ ಹೇಳಲಿಲ್ಲ. ರುಬೆಲ್ಲಾ ಲಸಿಕೆಯಲ್ಲಿ ಜೀವಂತ ವೈರಸ್ ಇರ್ತದೆ, ಅದು ಬಸುರಿಗೆ ಬೇಡ. ಬಸುರಾಗುವ ಮೊದಲೇ ಹಾಕಿಸಿ ಒಂದು ತಿಂಗಳು ಬಿಡಬೇಕು. ರೋಗವೇ ಬಂದರೆ ಮಾತ್ರ ಅನಾಹುತ. ತಾಯಿಗೆ ಎರಡು ದಿನ ಸಣ್ಣ ಜ್ವರ, ಮೈಮೇಲೆ ದದ್ದು. ಅದು ಮೊದಲ ಮೂರು ತಿಂಗಳಲ್ಲಾದರೆ ಮಗುವಿನ ಕಣ್ಣಿಗೆ ಪೊರೆ, ಕಿವಿ ಕೇಳುವುದಿಲ್ಲ, ಹೃದಯದಲ್ಲಿ ದೋಷ. ಅದನ್ನು ಮೊದಲು ಕಂಡುಹಿಡಿದವರು ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, 1941ರಲ್ಲಿ. ಪೊರೆಯೊಂದಿಗೆ ಹುಟ್ಟಿದ ಇಷ್ಟೊಂದು ಮಕ್ಕಳು ಒಮ್ಮೆಲೇ ಯಾಕೆ ಬರ್ತಿದ್ದಾರೆ ಅಂತ ಅವರು ತಾಯಂದಿರನ್ನು ಕೇಳಿ ನೋಡಿದರು. ಅದಕ್ಕೇ ಈಗ ಮಕ್ಕಳಿಗೆ ದಡಾರದ ಜೊತೆ ರುಬೆಲ್ಲಾವನ್ನೂ ಸೇರಿಸಿ ಹಾಕುವುದು. ಕರ್ನಾಟಕದಲ್ಲಿ ಆ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾಯ್ತು, ಮಹಾರಾಷ್ಟ್ರದಲ್ಲಿ 2018ರ ನವೆಂಬರ್‌ನಲ್ಲಿ.

— ಮದ್ದಿನಲ್ಲೂ ಹೀಗೆ ಭೇದ ಉಂಟಾ?

— ಉಂಟು. ಕ್ಷಯವನ್ನೇ ನೋಡು. ಐಸೋನಿಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್ ಬಸುರಿಗೆ ಕೊಡಬಹುದು. ಸ್ಟ್ರೆಪ್ಟೊಮೈಸಿನ್ ಕೊಡಬಾರದು, ಮಗುವಿನ ಕಿವಿ ಹೋಗಬಹುದು. ನಾನು ಕಂಡ ಒಬ್ಬಳು ಗೋವಂಡಿಯಿಂದ ಬರ್ತಿದ್ದಳು. ಟಿಬಿ ಗುಳಿಗೆ ಎರಡು ತಿಂಗಳು ತಿಂದಿದ್ದಳು, ಮುಟ್ಟು ನಿಂತಿತು ಅಂತ ಗೊತ್ತಾದ ದಿವಸ ಮನೆಯವರು ಗುಳಿಗೆ ನಿಲ್ಲಿಸಿದರು. ಏಳನೇ ತಿಂಗಳಲ್ಲಿ ಬಂದಾಗ ತೂಕ 38 ಕಿಲೋ, ಮಾತಾಡಿದರೆ ಕೆಮ್ಮು. ಅರ್ಧಕ್ಕೆ ಬಿಟ್ಟ ಮದ್ದಿನಿಂದ ರೋಗ ಮೊದಲಿಗಿಂತ ಗಟ್ಟಿಯಾಗಿತ್ತು. ತಾಯಿಗೆ ಕೊಡಬಾರದ ಮದ್ದು ಕೆಲವು, ಕೊಡಲೇಬೇಕಾದ ಮದ್ದು ಹಲವು. ಅದನ್ನು ಹೇಳುವುದು ಡಾಕ್ಟರ ಕೆಲಸ. ಪಕ್ಕದ ಮನೆಯವರದ್ದಲ್ಲ.

— ಇನ್ನೊಂದು ಕೇಳಿದರೆ ಬಯ್ಯಬೇಡಿ. ಎರಡು ವಾರದಿಂದ ಪಾನಿಪೂರಿ ತಿನ್ನಬೇಕು ಅಂತ ಆಸೆ ಆಗ್ತಾ ಉಂಟು.

— ಬಯ್ಯುವುದು ಯಾಕೆ, ಮನೆಯಲ್ಲಿ ಮಾಡಿಕೊಡ್ತೇನೆ, ಕುದಿಸಿ ಆರಿಸಿದ ನೀರಿನಲ್ಲಿ. ಬೀದಿಯದ್ದು ಈ ಜುಲೈಯಲ್ಲಿ ಬೇಡ. ಮುಂಬಯಿಯ ನೀರು ಭಾಂಡುಪ್‌ನ ಶುದ್ಧೀಕರಣ ಘಟಕದಿಂದ ಶುದ್ಧವಾಗಿಯೇ ಹೊರಡ್ತದೆ. ಆದರೆ ನಲ್ಲಿಗೆ ನೀರು ಬಿಡುವುದು ದಿವಸಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಪೈಪು ಖಾಲಿ. ಪೈಪಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಪಕ್ಕದ ಗಟಾರದ ನೀರನ್ನು ಒಳಗೆ ಎಳೆದುಕೊಳ್ತದೆ. ಹಾಗೆ ಬರುವುದು ಹೆಪಟೈಟಿಸ್ ಇ, ನೀರಿನ ಕಾಮಾಲೆ. ನಿನ್ನ ಗಂಡನಿಗೆ ಬಂದರೆ ಮೂರು ವಾರ ಸುಸ್ತು, ಹಳದಿ ಕಣ್ಣು, ಆಮೇಲೆ ಗುಣ. ಕೊನೆಯ ಮೂರು ತಿಂಗಳ ಬಸುರಿಗೆ ಬಂದರೆ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಮಂದಿ ಸಾಯುವುದುಂಟು. ಯಕೃತ್ತು ಸೋತು ಪ್ರಜ್ಞೆ ತಪ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಬಸುರಿಗೇ ಯಾಕೆ ಇಷ್ಟು ಜೋರು ಅಂತ ವಿಜ್ಞಾನಿಗಳಿಗೂ ಪೂರ್ತಿ ಬಗೆಹರಿದಿಲ್ಲ. ಇಲ್ಲಿ ಕಾಮಾಲೆಗೆ ಕೊರಳಿಗೆ ಬೇರಿನ ಮಾಲೆ ಹಾಕಿ, ಅದು ಉದ್ದ ಆದ ಹಾಗೆ ರೋಗ ಇಳೀತದೆ ಅಂತ ಕಾಯುವವರಿದ್ದಾರೆ. ನಮ್ಮೂರಲ್ಲಿ ನೆಲನೆಲ್ಲಿ ಕಷಾಯ. ಬೇರೆಯವರಿಗೆ ತಾನಾಗಿ ಗುಣವಾಗುವ ರೋಗಕ್ಕೆ ಮಾಲೆ, ಕಷಾಯಕ್ಕೆ ಹೆಸರು ಬರ್ತದೆ. ಬಸುರಿಗೆ ಆ ಕಾಯುವ ಹೊತ್ತೇ ಇಲ್ಲ. ಮೂತ್ರ ಗಾಢ ಹಳದಿ ಆದ ದಿವಸವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

— ಅದಕ್ಕೆ ಲಸಿಕೆ ಇಲ್ವಾ?

— ಚೀನಾದವರು ಮಾಡಿದ್ದಾರೆ. ನಮ್ಮಲ್ಲಿ ಸಿಕ್ಕುವುದಿಲ್ಲ. 2022ರಲ್ಲಿ ದಕ್ಷಿಣ ಸುಡಾನಿನ ಬೆಂಟಿಯು ಅನ್ನುವ ನಿರಾಶ್ರಿತರ ಶಿಬಿರದಲ್ಲಿ ರೋಗ ಎದ್ದಾಗ ಲೋಕದಲ್ಲೇ ಮೊದಲ ಸಲ ಅದನ್ನು ಹಾಗೆ ಹಬ್ಬುತ್ತಿರುವ ಸೋಂಕು ತಡೆಯಲಿಕ್ಕೆ ಬಳಸಿದರು. ಬಸುರಿಯರನ್ನೂ ಸೇರಿಸಿಕೊಂಡರು. ಅಪಾಯ ಯಾರಿಗೆ ಹೆಚ್ಚೋ ಅವರನ್ನು ಹೊರಗಿಟ್ಟು ಲಸಿಕೆ ಹಾಕುವುದರಲ್ಲಿ ಅರ್ಥ ಎಲ್ಲಿ ಉಂಟು? ಅಷ್ಟು ಬಡ ಜಾಗದಲ್ಲಿ ಅವರಿಗೆ ಅದು ತಿಳಿಯಿತು.

— ನಾನು ಏಳನೇ ತಿಂಗಳಿಗೆ ಊರಿಗೆ ಹೋಗ್ತೇನಲ್ಲ, ಅಲ್ಲಿ ಬಾವಿ ನೀರು.

— ಬಾವಿಯದ್ದನ್ನೂ ಕುದಿಸು. ಮತ್ಸ್ಯಗಂಧ ರೈಲು ಹತ್ತುವಾಗ ಬಟ್ಟೆಯ ಚೀಲ ಮರೆತರೂ ಈ ಫೈಲು ಮರೀಬೇಡ. ಇಲ್ಲಿ ಮಾಡಿದ ಪರೀಕ್ಷೆ ಅಲ್ಲಿಯ ಡಾಕ್ಟರಿಗೆ ಕಾಣದಿದ್ದರೆ ಮಾಡಿಯೂ ಮಾಡದ ಹಾಗೆ. ಎಷ್ಟೋ ಹೆಂಗಸರು ಇಲ್ಲಿ ಹೆಸರು ಬರೆಸಿ, ರಿಪೋರ್ಟು ಬರುವ ಮೊದಲೇ ಗಾಡಿ ಹತ್ತಿರ್ತಾರೆ. ರಿಪೋರ್ಟು ಇಲ್ಲಿ ಕಪಾಟಿನಲ್ಲಿ, ಹೆರಿಗೆ ಅಲ್ಲಿ ಕಾರ್ಕಳದಲ್ಲೋ ಸುರಪುರದಲ್ಲೋ.

— ಸುರಪುರ ಅಂದಾಗ ನೆನಪಾಯ್ತು. ನಮ್ಮ ಕಟ್ಟಡದ ಹಿಂದೆ ಹೊಸ ಟವರ್ ಏಳ್ತಾ ಉಂಟಲ್ಲ, ಅಲ್ಲಿ ಯಾದಗಿರಿ ಕಡೆಯವಳು ಒಬ್ಬಳು ಕೆಲಸಕ್ಕೆ ಬರ್ತಾಳೆ. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಎಷ್ಟು ಸಂತೋಷಪಟ್ಟಳು ಗೊತ್ತುಂಟಾ! ಅವಳೂ ಬಸುರಿ. ಒಂದು ದಿನ ಬಿಟ್ಟು ಒಂದು ದಿನ ಚಳಿಜ್ವರ ಬರ್ತದೆ ಅಂದಳು. ಓಣಿಯ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರಂತೆ.

— ರಕ್ತ ನೋಡಿದ್ದಾರಾ?

— ಇಲ್ಲ ಅಂತ ಕಾಣ್ತದೆ.

— ಮಲೇರಿಯಾ ಇರಬಹುದು. ಕಟ್ಟುವ ಟವರಿನ ನೀರಿನ ತೊಟ್ಟಿ, ಲಿಫ್ಟಿನ ಗುಂಡಿ, ಎಲ್ಲ ಸೊಳ್ಳೆ ಮೊಟ್ಟೆ ಇಡುವ ಜಾಗ. ಬಸುರಿಗೆ ಅದು ಎರಡು ಪಾಲು ಕಷ್ಟ. ರಕ್ತ ಇಳಿದುಹೋಗ್ತದೆ, ಮಗು ಬೆಳೆಯುವುದಿಲ್ಲ, ಗರ್ಭ ಹೋದರೂ ಹೋದೀತು. ಫಾಲ್ಸಿಪಾರಮ್ ಜಾತಿಯ ಮಲೇರಿಯಾ ಆದರೆ ಕ್ರಿಮಿ ಮಾಸಿನಲ್ಲಿ ಅಡಗಿ ಕೂರ್ತದೆ, ಬೆರಳಿನ ರಕ್ತದಲ್ಲಿ ಕಡಿಮೆ ಕಾಣ್ತದೆ. ಒಮ್ಮೆ ಸಿಕ್ಕಲಿಲ್ಲ ಅಂತ ಬಿಡಬಾರದು. ವೈವಾಕ್ಸ್ ಜಾತಿಯದ್ದಾದರೆ ಕ್ಲೋರೋಕ್ವಿನ್ ಕೊಡ್ತಾರೆ, ಅದು ಬಸುರಿಗೆ ಆಗ್ತದೆ. ಅದರ ಜೊತೆ 14 ದಿನದ ಪ್ರೈಮಾಕ್ವಿನ್ ಅಂತ ಕೊಡುವುದುಂಟು, ಅದು ಆಗುವುದಿಲ್ಲ. ಸೀರೆಯೊಳಗೆ ಮೂರನೇ ನಾಲ್ಕನೇ ತಿಂಗಳ ಹೊಟ್ಟೆ ಕಾಣುವುದಿಲ್ಲ. ಅವಳಾಗಿ ಹೇಳದಿದ್ದರೆ ಅದನ್ನೂ ಕೊಟ್ಟುಬಿಡ್ತಾರೆ.

— ಅವಳಿಗೆ ಮರಾಠಿ ಬರುವುದಿಲ್ಲ. ಹಿಂದಿಯೂ ಅಷ್ಟಕ್ಕಷ್ಟೆ.

— ನಾನು ಜೊತೆಗೆ ಹೋಗ್ತೇನೆ. ಪಾಲಿಕೆಯ ಆಪಲಾ ದವಾಖಾನಾ ರಾತ್ರಿವರೆಗೂ ತೆರೆದಿರ್ತದೆ, ಅಲ್ಲಿ ರಕ್ತ ನೋಡ್ತಾರೆ, ದುಡ್ಡಿಲ್ಲ. ಎಷ್ಟು ತಿಂಗಳು ಅವಳಿಗೆ?

— ಕೇಳಲಿಲ್ಲ.

— ಕೇಳು. ಮೊದಲ ಮೂರು ತಿಂಗಳೋ ಆಮೇಲಿನದೋ ಅಂತ ಡಾಕ್ಟರು ಮೊದಲು ಅದನ್ನೇ ಕೇಳ್ತಾರೆ. ಹಿಂದೆ ಎಲ್ಲಾದರೂ ಕೇಸ್ ಪೇಪರ್ ಮಾಡಿಸಿದ್ದರೆ ತರಲಿ, ಆ ಓಣಿಯ ಡಾಕ್ಟರ ಚೀಟಿಯೂ ಇರಲಿ. ಗಂಡನ ಫೋನ್ ನಂಬರ್ ಉಂಟಾ ನಿನ್ನ ಹತ್ತಿರ?